ಅಳದ ಕೂಸು

ನನ್ನ ಸೋದರಮಾವ ಕೂಸಿದ್ದಾಗ ಅತ್ತದ್ದೇ ಇಲ್ಲವಂತೆ. ಆಯಿಗೆ, ಅಂದರೆ ನನ್ನ ಅವ್ವನ ತಾಯಿಗೆ, ಇದೊಂದು ದೊಡ್ಡ ಹೆಮ್ಮೆ. ತನ್ನೂರು ಗುಂಡಗುರ್ತಿಯ ಹೊಲದಲ್ಲಿ ಜಾಲಿಗಿಡಕ್ಕೆ ಜೋಲಿ ಕಟ್ಟಿ ಮಲಗಿಸಿದರೆ, ಕಳೆ ತೆಗೆದು ಬರುವ ತನಕ ಮಿಸುಕುತ್ತಿರಲಿಲ್ಲವಂತೆ. ಇಂಥ ಶಾಣ್ಯಾ ಕೂಸು ಯಾರಿಗಿದೆ ಎಂದು ಓಣಿಯವರೆಲ್ಲ ಕೇಳುತ್ತಿದ್ದರಂತೆ. ಈ ಕಥೆ ಕೇಳಿ ಕೇಳಿ ನಮಗೆ ತಲೆ ಚಿಟ್ಟು ಹಿಡಿದಿತ್ತು.

ಆ ಶಾಣ್ಯಾ ಕೂಸು ದೊಡ್ಡವನಾಗಿ ಅಫೀಮಿನ ಚಟಕ್ಕೆ ಬಿದ್ದ. ನಿಜಾಮರ ರಾಜ್ಯದಲ್ಲಿ ಅದಕ್ಕೆ ಪರವಾನಗಿ ಪಡೆದ ಅಂಗಡಿಗಳೇ ಇದ್ದವು. ಚಿತ್ತಾಪುರದ ಸಂತೆಗೆ ಹೋದ ಮಾವ ಒಮ್ಮೆ ಎತ್ತನ್ನೇ ಮರೆತು ಬಂದ, ಅಫೀಮಿನ ಡಬ್ಬಿಯನ್ನು ಮರೆಯಲಿಲ್ಲ. ಕಡೆಕಡೆಗೆ ಮಾತಿನ ನಡುವೆಯೇ ಅವನ ಗದ್ದ ಎದೆಗೆ ತಾಗುತ್ತಿತ್ತು. ನಾನು ಭುಜ ಹಿಡಿದು ಅಲುಗಾಡಿಸಿದರೆ ಕಣ್ಣು ತೆರೆದು ನಗುತ್ತಿದ್ದ. ನನಗೆ ಅವನೆಂದರೆ ಜೀವ.

ಅವನು ಸತ್ತಾಗ ನನಗೆ ಒಂಬತ್ತು ವರ್ಷ. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ತಲೆ ನೆಟ್ಟಗಿರಲೆಂದು ಬಟ್ಟೆಯಿಂದ ಗೂಟಕ್ಕೆ ಕಟ್ಟಿದ್ದರು. ಅದು ಸಡಿಲಾಗಿ ಅವನ ಗದ್ದ ಎದೆಗೆ ಬಿತ್ತು. ನಾನು ಎದ್ದು ಹೋಗಿ ಎಂದಿನಂತೆ ಅಲುಗಾಡಿಸಿದೆ. ಮೈ ತಣ್ಣಗಿತ್ತು. ಯಾರೋ ನನ್ನನ್ನು ಹಿಂದಕ್ಕೆ ಎಳೆದುಕೊಂಡರು. ಇಂದಿಗೂ ಯಾರಾದರೂ ಕೂತಲ್ಲೇ ತೂಕಡಿಸಿದರೆ ನನಗೆ ಹೆದರಿಕೆಯಾಗುತ್ತದೆ, ಎಬ್ಬಿಸಿಯೇ ಬಿಡುತ್ತೇನೆ.

ಮಣ್ಣು ಮಾಡಿದ ಮೇಲೆ ಆಯಿ ನಮ್ಮೂರು ಆಡಕಿಗೆ, ನಮ್ಮ ಮನೆಗೇ ಬಂದಳು. ಆಕೆಯ ಕಣ್ಣಲ್ಲಿ ಒಂದು ಹನಿ ನೀರು ಬಂದದ್ದನ್ನು ನಾನು ಕಾಣಲಿಲ್ಲ. ಅಷ್ಟರಲ್ಲಿ ಹೊಲದಲ್ಲಿ ಕಳೆ ಎದ್ದಿತ್ತು. ಆರು ತಿಂಗಳ ನನ್ನ ತಮ್ಮನನ್ನು ನಮ್ಮಿಬ್ಬರ ಹತ್ತಿರ ಬಿಟ್ಟು ಅವ್ವ ಕೆಲಸಕ್ಕೆ ಹೊರಟಳು. ಹೊರಡುವ ಮುಂಚೆ ಗೋಡೆಯ ಗೂಡಿನಿಂದ ಸಣ್ಣ ಡಬ್ಬಿ ತೆಗೆದು, ಸಾಸಿವೆಯಷ್ಟು ಕಪ್ಪು ಚೂರನ್ನು ಎದೆಹಾಲಿನಲ್ಲಿ ತೇಯ್ದು, ಅವನ ನಾಲಿಗೆಗೆ ಸವರಿದಳು. ಎಲ್ಲ ತಾಯಂದಿರೂ ಮಾಡುತ್ತಿದ್ದದ್ದೇ. ಕೂಸಿಗೆ ಕೊಟ್ಟರೆ ಮದ್ದು, ಗಂಡಸು ತಿಂದರೆ ಚಟ. ಒಂದೇ ಅಂಗಡಿಯಿಂದ ತಂದರೂ ಎರಡೂ ಒಂದೇ ಎಂದು ದೊಡ್ಡವರಿಗೆ ಹೊಳೆದೇ ಇರಲಿಲ್ಲ. ನನಗೆ ಮಾತ್ರ ಆ ವಾಸನೆಯ ಗುರುತು ಹತ್ತಿತು. ಅದು ಮಾವನ ಅಂಗಿಯ ವಾಸನೆ.

ಸ್ವಲ್ಪ ಹೊತ್ತಿಗೆ ತಮ್ಮನ ಗದ್ದ ಎದೆಗೆ ತಾಗಿತು. ಅಲುಗಾಡಿಸಿದೆ, ಎಚ್ಚರಾಗಲಿಲ್ಲ. ಅವನ ಮೂಗಿನ ಕೆಳಗೆ ಬೆರಳಿಟ್ಟುಕೊಂಡು ಕೂತೆ. ಉಸಿರು ಬಂತು, ನಿಂತಂತಾಯಿತು, ಮತ್ತೆ ಬಂತು. ಮೂರು ದಿನವೂ ಅವ್ವ ಹೊಲದಿಂದ ಬರುವ ತನಕ ಹೀಗೇ ಕೂತೆ. ನೀರಡಿಸಿದರೂ ಏಳಲಿಲ್ಲ, ಎದ್ದರೆ ಅಷ್ಟರಲ್ಲೇ ಉಸಿರು ನಿಂತುಬಿಡುತ್ತದೆ ಎಂಬ ಭಯ.

ನಾಲ್ಕನೆಯ ಬೆಳಿಗ್ಗೆ ಡಬ್ಬಿಯನ್ನು ತಿಪ್ಪೆಗೆ ಎಸೆದೆ.

ಅವ್ವ ಗೂಡೆಲ್ಲ ತಡಕಾಡಿದಳು. ಹೊಲಕ್ಕೆ ಹೊರಟ ಹೆಂಗಸರು ಹೊರಗಿಂದ ಕೂಗುತ್ತಿದ್ದರು, ತಮ್ಮ ಕಿರುಚುತ್ತಿದ್ದ. ನನ್ನ ಮುಖ ನೋಡಿದವಳಿಗೆ ಎಲ್ಲ ತಿಳಿಯಿತು. ಜಡೆ ಹಿಡಿದು ಬೆನ್ನಿಗೆ ನಾಲ್ಕು ಬಾರಿಸಿದಳು.

"ಅದು ಮಾವ ತಿಂತಿದ್ದದ್ದೇ ಅದ. ಇಂವನೂ ಸಾಯ್ತಾನ," ಎಂದುಬಿಟ್ಟೆ.

ಅವ್ವನ ಕೈ ಜಡೆಯಿಂದ ಜಾರಿತು. ನಾನು ಆಯಿಯತ್ತ ನೋಡಿದೆ. ಆಕೆ ಕಂಬ ಹಿಡಿದುಕೊಂಡಿದ್ದಳು. ಆಡಬಾರದ್ದನ್ನು ಆಡಿದೆನೆಂದು ನನಗೆ ಆಗ ತಿಳಿಯಿತು. ಅವ್ವ ಕಳೆ ತೆಗೆಯುವ ಕುರ್ಚಿಗಿ ತೆಗೆದುಕೊಂಡು ಹೊಲಕ್ಕೆ ಹೋದಳು.

ಬಿಸಿಲೇರಿದರೂ ತಮ್ಮ ಅಳು ನಿಲ್ಲಿಸಲಿಲ್ಲ. ಆಯಿ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಸುಮ್ಮನೆ ನೋಡುತ್ತಿದ್ದಳು. ಸಮಾಧಾನ ಮಾಡಲು ನಾನು ಕೈ ಚಾಚಿದೆ. ಆಕೆ ಕೈ ಹಿಡಿದು ತಡೆದಳು.

"ಅಳಲಿ ಬಿಡವ್ವಾ. ನನ್ನ ಮಗಗ ನಾ ಒಂದಿನಾನೂ ಅಳಲಾಕ ಬಿಡಲಿಲ್ಲ."

ಹಾಗೆಂದವಳೇ ಸೆರಗು ಬಾಯಿಗೆ ತುರುಕಿಕೊಂಡು, ಕೂಸಿನ ಜೊತೆ ತಾನೂ ಅಳತೊಡಗಿದಳು.