ಅಂಗಳದಲ್ಲಿ ಹಗೇವು ಇತ್ತು

ನಮ್ಮ ಅಂಗಳದ ಪಶ್ಚಿಮದ ಮೂಲೆಯಲ್ಲಿ ಹಗೇವು ಇತ್ತು. ಅದು ನನಗೆ ಗೊತ್ತಿತ್ತು. ಸುಜಾತಾ ಕೇಳಿದಾಗ ಇಲ್ಲವೆಂದೆ. ಆಮೇಲೆ, ಹತ್ತು ಜನರ ಎದುರು, ಅವಳು ಕೇಳಲೇ ಇಲ್ಲವೆಂದೆ. ಮೊದಲನೆಯದು ಸುಳ್ಳು. ಎರಡನೆಯದಕ್ಕೆ ಏನೆನ್ನಬೇಕೋ — ನಾಲ್ಕು ವರ್ಷವಾದರೂ ನನಗೆ ಹೆಸರು ಸಿಕ್ಕಿಲ್ಲ.

ಹಗೇವು ನೋಡದವರೂ ಇದನ್ನು ಓದಬಹುದು. ನಮ್ಮ ನವಲಗುಂದ ಕಡೆಯ ಹಳ್ಳಿಗಳಲ್ಲಿ ಹಿಂದೆ ಜೋಳವನ್ನು ನೆಲದೊಳಗೆ ಇಡುತ್ತಿದ್ದೆವು. ಒಬ್ಬ ಆಳು ಇಳಿಯುವಷ್ಟು ಬಾಯಿ. ಒಳಗೆ ಸಣ್ಣ ಕೋಣೆಯಷ್ಟು ಹೊಟ್ಟೆ. ತುಂಬಿದ ಮೇಲೆ ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಬಡಿದು, ಸೆಗಣಿ ಸಾರಿಸಿದರೆ ಮೇಲೆ ಓಡಾಡುವವರಿಗೆ ಸುಳಿವೇ ಸಿಗದು. ಎಲ್ಲಿದೆ ಎಂದು ಹೊರಗಿನವರಿಗೆ ಹೇಳುವ ರೂಢಿ ಯಾವ ಮನೆಯಲ್ಲೂ ಇರಲಿಲ್ಲ. ನಮ್ಮದನ್ನು ನನ್ನ ಮದುವೆಯಾದ ಮೇಲೆ ಎರಡು-ಮೂರು ಸುಗ್ಗಿಯವರೆಗೆ ಬಳಸಿದೆವು. ಆಮೇಲೆ ಖಾಲಿ ಬಿಟ್ಟು ಮುಚ್ಚಿದೆವು. ಈ ರೂಢಿಯ ಮಾತನ್ನು ನನ್ನ ಮನಸ್ಸಿಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ. ಅದು ಕಾರಣವಲ್ಲ. ಮುಂದೆ ಹೇಳುತ್ತೇನೆ.

ನಮ್ಮದು ಮಣ್ಣಿನ ಗೋಡೆಯ, ಮಣ್ಣಿನ ಮಾಳಿಗೆಯ ಮನೆ. ಅದರ ಮುಂದೆ ನಾನು ಹುರುಪಿನಿಂದ ಸ್ಲ್ಯಾಬು ಹಾಕಿಸಿ ಎರಡು ಕೋಣೆ ಕಟ್ಟಿಸಿದ್ದೆ. ಬೇಸಿಗೆಯಲ್ಲಿ ಅವು ಒಲೆಯಾಗುತ್ತಿದ್ದವು. ಆಗ ಸರಕಾರದ ಯೋಜನೆಯೊಂದು ಬಂತು — ಮನೆ ತಂಪಾಗಿಸಿಕೊಳ್ಳಲು, ಬಿಸಿಲಿನಿಂದ ಕರೆಂಟು ಮಾಡಿಕೊಳ್ಳಲು ಸಬ್ಸಿಡಿ. ಆದರೆ ಅವರು ಒಪ್ಪಿದ ಸಲಹೆಗಾರರೊಬ್ಬರು ಬಂದು ಮನೆ ನೋಡಿ ನಕ್ಷೆ ಬರೆಯಬೇಕು. ನಮ್ಮೂರಿಗೆ ಬಂದವಳು ಸುಜಾತಾ. ಕಲಘಟಗಿ ತಾಲೂಕಿನ ತಂಬೂರಿನವಳು, ಇಂಜಿನಿಯರಿಂಗ್ ಓದಿದವಳು, ಮೂವತ್ತರ ಒಳಗಿನ ವಯಸ್ಸು. ನವಲಗುಂದದಲ್ಲಿ ಕೋಣೆ ಹಿಡಿದು, ಸ್ಕೂಟರಿನ ಮೇಲೆ ಹಳ್ಳಿ ತಿರುಗುತ್ತಿದ್ದಳು.

ಅವಳು ಕೆಲಸ ಮಾಡುವುದನ್ನು ನೋಡುವುದೇ ಒಂದು ಚಂದ. ಸಣ್ಣ ಯಂತ್ರವೊಂದನ್ನು ಗೋಡೆಗೆ ಹಿಡಿದು ಕಾವು ಬರೆದುಕೊಂಡಳು. ಗಾಳಿ ಎಲ್ಲಿಂದ ಬರುತ್ತದೆ ಎಂದು ಊದುಬತ್ತಿ ಹಚ್ಚಿ ನೋಡಿದಳು. ಅಡಿಗೆಮನೆಯಲ್ಲಿ ನನ್ನ ಹೆಂಡತಿ ನೀಲವ್ವನ ಎದುರು ನೆಲದ ಮೇಲೇ ಕೂತು, “ಮಧ್ಯಾಹ್ನ ಬಿಸಲಾಗ ಎಲ್ಲಿ ಕುಂಡರ್ತೀರಿ, ಅಮ್ಮಾ?” ಎಂದು ಕೇಳಿದಳು.

“ಇವರು ಎಲ್ಲಿ ಇರೂದಿಲ್ಲೋ ಅಲ್ಲೆ,” ಎಂದಳು ನೀಲವ್ವ.

ಇಬ್ಬರೂ ನಕ್ಕರು. ಸುಜಾತಾ ಹೊರಗೆ ಬಂದು ನನಗೂ ಒಂದು ಮಾತಿನೇಟು ಕೊಟ್ಟಳು: “ಅಜ್ಜಾರ, ನಿಮ್ಮ ಹಿರ್ಯಾರು ಕಟ್ಟಿದ್ದು ಪಾಸು. ನೀವು ಕಟ್ಟಿಸಿದ್ದು ನಾಪಾಸು ನೋಡ್ರಿ.”

ನಾನು ಗಿಲಾವು ಮಾಡಿಸಿ ಮುಚ್ಚಿಸಿದ್ದ ಬೆಳಕಿಂಡಿಗಳನ್ನು ತೆಗೆಸಬೇಕು, ಸ್ಲ್ಯಾಬಿಗೆ ಬಿಳಿ ಬಣ್ಣ ಬಳಿಸಬೇಕು ಎಂದಳು. ಸೋಲಾರ್ ಹಲಗೆಗಳಿಗೆ ಮಾತ್ರ ಜಾಗ ಇರಲಿಲ್ಲ. ಮಣ್ಣಿನ ಮಾಳಿಗೆ ಭಾರ ತಾಳದು. ಸ್ಲ್ಯಾಬು ಆಗಲೇ ಸೀಳಿತ್ತು. ಅಂಗಳದ ಪಶ್ಚಿಮದಲ್ಲಿ ಕಬ್ಬಿಣದ ಕಂಬ ನಿಲ್ಲಿಸಿ ಅದರ ಮೇಲೆ ಕೂಡಿಸೋಣ ಎಂದಳು; ಮಧ್ಯಾಹ್ನದ ಮೇಲೆ ಗೋಡೆಗೆ ನೆರಳೂ ಆಗುತ್ತದೆ. ಒಂದೇ ಚಪ್ಪರ, ಎರಡು ಕೆಲಸ. ಎಂಥ ಬುದ್ಧಿ ಎಂದುಕೊಂಡೆ. ನಂತರ ಅವಳು ಆ ಮೂಲೆಗೆ ಹೋಗಿ ನಿಂತು ಕೇಳಿದಳು:

“ಇಲ್ಲಿ ಕೆಳಗ ಹಗೇವು, ಹಳೇ ಬಾವಿ ಏನರ ಐತೇನ್ರಿ?”

“ಇದ್ರ ಏನಾಕ್ಕೈತಿ?”

“ಏನಿಲ್ರಿ. ತೆಗದು, ಕಲ್ಲು ಮಣ್ಣು ತುಂಬಿ, ಒಂದು ಮಳಿಗಾಲ ಕೂಡಾಕ ಬಿಡಬೇಕು. ಮುಂದಿನ ವರ್ಷ ಮಾಡೂಣು.”

ಮುಂದಿನ ವರ್ಷ! ಊರಲ್ಲಿ ಮೊದಲು ನನ್ನ ಮನೆಯದೇ ಎಂದು ನಾನು ಕಟ್ಟೆಯ ಮೇಲೆ ಕೂತು ಸಾರಿಬಿಟ್ಟಿದ್ದೆ. ನನ್ನ ಹಿಂದೆ ಇನ್ನೂ ಐದು ಮನೆಯವರು ಹೆಸರು ಕೊಟ್ಟಿದ್ದರು. ಈಗ ಅವರ ಮನೆಗಳಾಗಿ ನಾನು ಕೊನೆಗೆ — ಇದೇ ಕಾರಣ. ಇದಕ್ಕಿಂತ ದೊಡ್ಡದೇನೂ ಇಲ್ಲ. ಹಿರಿಯರ ರೂಢಿಯೂ ಅಲ್ಲ, ಮರೆವೂ ಅಲ್ಲ.

“ಇಲ್ಲ ಬಿಡವಾ. ಏನೂ ಇಲ್ಲ,” ಎಂದೆ.

ಅವಳು ಕಾಗದ ತಿರುಗಿಸಿ ಪೆನ್ನು ಕೊಟ್ಟಳು. “ಹಂಗಾರ ಇಲ್ಲೊಂದು ಸಹಿ ಮಾಡ್ರಿ.”

ನಾನು ಊರಲ್ಲಿ ನ್ಯಾಯ ಹೇಳುವವನು. ಹಣೆ ತುಂಬ ವಿಭೂತಿ. “ಈ ಊರಾಗ ನನ್ನ ಮಾತಿಗೆ ಸಹಿ ಕೇಳಿದವರಿಲ್ಲವಾ,” ಎಂದೆ. ನಿಜವೆಂದರೆ ಸಹಿ ಮಾಡಲು ಕೈ ಹೆದರಿತ್ತು — ಬಾಯಿ ಹೆದರಲಿಲ್ಲ. ಅವಳ ಮುಖ ಸಣ್ಣದಾಯಿತು. “ತಪ್ಪು ತಿಳ್ಕೋಬ್ಯಾಡ್ರಿ, ಅಜ್ಜಾರ,” ಎಂದು ಪೆನ್ನು ವಾಪಸು ತೆಗೆದುಕೊಂಡಳು. ಅವಳು ಮಾಡಿದ ತಪ್ಪೆಂದರೆ ಅದೊಂದೇ. ನನಗೆ ಮರ್ಯಾದೆ ಕೊಟ್ಟದ್ದು.

ಕಂಬ ನಿಂತವು. ಊರೆಲ್ಲ ಬಂದು ನೋಡಿತು. ಆ ಬೇಸಿಗೆ ಮನೆ ತಂಪಾಗಿತ್ತು, ಅದನ್ನೂ ಹೇಳಬೇಕು. ಮುಂಗಾರಿನ ಎರಡನೆಯ ದೊಡ್ಡ ಮಳೆಯ ಮರುದಿನ ಬೆಳಿಗ್ಗೆ ನೀಲವ್ವ ಆ ಚಪ್ಪರದ ಕೆಳಗೆ ಕೂತು ಕಾಳು ಹಸನು ಮಾಡಿ, ಮೊರ ಎತ್ತಿಕೊಂಡು ಒಳಗೆ ಬಂದಳು. ಅವಳು ಹೊಸ್ತಿಲು ದಾಟಿದ್ದಳಷ್ಟೇ, ಹಿಂದೆ ನೆಲ ಬಾಯಿ ಬಿಟ್ಟಿತು. ಕಂಬ ವಾಲಿ ಗೋಡೆಗೆ ಬಡಿಯಿತು. ಗೋಡೆ ಸೀಳಿತು, ಹಲಗೆಗಳು ಚೂರಾದವು.

ಮೂರು ದಿನಕ್ಕೆ ಅಧಿಕಾರಿಗಳು ಬಂದರು. ಹೆಸರು ಕೊಟ್ಟಿದ್ದ ಐದೂ ಮನೆಯವರು ಅಂಗಳದಲ್ಲಿ ನಿಂತಿದ್ದರು. ಸುಜಾತಾ ನೇರವಾಗಿ ಹೇಳಿದಳು, “ನಾ ಕೇಳೇನ್ರಿ ಸರ್. ಅಜ್ಜಾರು ಇಲ್ಲ ಅಂದ್ರು.”

ಹಿರಿಯ ಅಧಿಕಾರಿ ನನ್ನ ಕಡೆ ತಿರುಗಿದರು. “ನಿಮ್ಮನ್ನ ಕೇಳಿದ್ರೇನ್ರಿ, ಯಜಮಾನ್ರ?”

ಅಷ್ಟರಲ್ಲಿ ಹಿಂದಿನಿಂದ ಯಾರೋ ಅಂದರು, “ಇವರಿಗೇನ ತಿಳೀತೈತಿ ಮಾಳಗಿ ಮನಿ, ಹಗೇವು!”

ಸುಜಾತಾ ದಲಿತ ಬೌದ್ಧರ ಮನೆಯವಳು. ನೀಲವ್ವ ಕೇಳಿದಾಗ ಅವಳೇ ಸಹಜವಾಗಿ ಹೇಳಿದ್ದಳು. ಊರಿಗೆ ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ‘ಇವರಿಗೆ’ ಎಂಬ ಆ ಒಂದು ಶಬ್ದದಲ್ಲಿ ಏನಿತ್ತೆಂದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ಅವಳಿಗೂ. ಅದನ್ನು ನಾನು ಅನ್ನಲಿಲ್ಲ — ಹೌದು, ಅನ್ನಲಿಲ್ಲ. ಆದರೆ ಅವಳ ಮಾತು, ನನ್ನ ಮಾತು ಎರಡನ್ನೂ ತಕ್ಕಡಿಗೆ ಹಾಕಿದರೆ ಆ ಅಂಗಳದಲ್ಲಿ ಯಾವುದು ತೂಗುತ್ತದೆ, ಯಾಕೆ ತೂಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಬಾಯಿ ತೆರೆದೆ.

“ಇಲ್ರಿ. ಕೇಳೇ ಇಲ್ಲ. ಅಲ್ಲಿ ಹಗೇವು ಇದ್ದದ್ದು ನನಗೂ ಗೊತ್ತಿರಲಿಲ್ಲ.”

“ಅಜ್ಜಾರ,” ಎಂದಳು ಅವಳು, “ಒಂದ್ಸಲ ನೆನಪ ಮಾಡ್ಕೊಂಡ ಹೇಳ್ರಿ.”

“ಕೇಳಿಲ್ಲ,” ಎಂದೆ.

ಸಲಹೆಗಾರರ ಪಟ್ಟಿಯಿಂದ ಅವಳ ಹೆಸರು ತೆಗೆದರು. ಐದೂ ಮನೆಯವರು ಅವಳು ಬರುವುದು ಬೇಡವೆಂದರು.

ಅಂದು ಸಂಜೆ ರೊಟ್ಟಿ ಬಡಿಯುತ್ತ ನೀಲವ್ವ, “ಆ ಹುಡುಗಿ ಕೇಳಿದ್ದನ್ನ ನಾ ಒಳಗಿಂದ ಕೇಳೇನಿ,” ಎಂದಳು.

“ಮತ್ತ ಯಾಕ ಸುಮ್ನಿದ್ದಿ?”

“ನೀವು ಹೇಳ್ತೀರಿ ಅಂತ.”

ಬಡಿಯುವ ಸಪ್ಪಳ ನಿಲ್ಲಲಿಲ್ಲ. ಮುಂದೆ ಅವಳೆಂದೂ ಆ ಮಾತು ಎತ್ತಲಿಲ್ಲ. ಬೈದಿದ್ದರೆ — ಆದರೆ ಅದನ್ನು ಅವಳಿಂದ ಬಯಸುವುದೂ ನನ್ನದೇ ಸ್ವಾರ್ಥ.

ಈ ವರ್ಷ ತಂಬೂರಿಗೆ ಹೋದೆ. ಹುಬ್ಬಳ್ಳಿ ಬಸ್ಸು, ಅಲ್ಲಿಂದ ಕಲಘಟಗಿ, ಅಲ್ಲಿಂದ ಇನ್ನೊಂದು. ಸುಜಾತಾ ಈಗ ಕಲಘಟಗಿಯ ಟೈಲ್ಸ್ ಅಂಗಡಿಯಲ್ಲಿ ಗಿರಾಕಿಗಳಿಗೆ ಅಳತೆ ಹೇಳುತ್ತಾಳೆ. ಅಂದು ರಜೆ, ಮನೆಯಲ್ಲಿದ್ದಳು. ಅವಳ ತಾಯಿ ನಾನು ಯಾರೆಂದು ತಿಳಿಯದೆ ಚಹಾ ತಂದುಕೊಟ್ಟರು. ಸುಜಾತಾಳಿಗೆ ಎಲ್ಲ ಹೇಳಿದೆ. ತಪ್ಪಾಯಿತವಾ ಎಂದೆ. ಅವಳು ಸಿಟ್ಟಾಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

“ನನಗ ಯಾಕ ಹೇಳ್ತೀರಿ, ಅಜ್ಜಾರ? ನನಗ ಮೊದಲ ಗೊತ್ತೈತಲ್ರಿ. ಗೊತ್ತಿಲ್ಲದವರಿಗೆ ಹೇಳ್ರಿ.”

ಕ್ಷಮೆ ಕೇಳಿ ಹಗುರಾಗಿ ಬರಬಹುದೆಂದು ಅಷ್ಟು ದೂರ ಹೋಗಿದ್ದೆ ಎಂದು ಆಗ ತಿಳಿಯಿತು.

ತಾಲೂಕು ಕಚೇರಿಗೆ ನಡೆದದ್ದನ್ನು ಬರೆದು ಕೊಟ್ಟು ಬಂದಿದ್ದೇನೆ. ಅವಳ ಹೆಸರು ಮತ್ತೆ ಪಟ್ಟಿಗೆ ಸೇರುತ್ತದೋ ಇಲ್ಲವೋ ಯಾರೂ ಹೇಳುತ್ತಿಲ್ಲ. ನಿಮಗೆ ಗೊತ್ತಿರಲಿಲ್ಲ, ಅದಕ್ಕೇ ಇದನ್ನು ಬರೆದೆ. ನಿನ್ನೆ ಬೆಳಿಗ್ಗೆ ಆ ಐದರಲ್ಲಿ ಮೊದಲನೆಯ ಮನೆಗೆ, ನನ್ನ ಓರಗೆಯ ಗೆಳೆಯ ಬಸಪ್ಪನಲ್ಲಿಗೆ ಹೋದೆ. ಪೂರ್ತಿ ಕೇಳಿದ.

“ಆಕಿ ನನ್ನ ಮನಿಗೆ ಕಾಲಿಡೂದು ಬ್ಯಾಡ ಅಂತ ಹೇಳಿ ಕಳಿಸಿದಾಂವ ನಾನು,” ಎಂದ. “‘ಇವರಿಗೇನ ತಿಳೀತೈತಿ’ ಅಂದಾಂವನೂ ನಾನಲೇ. ನನ್ನ ಬಾಯಿಂದ ಎಂಥಾದ್ದು ಅನಸಿದ್ಯೋ.”

ಎದ್ದು ಬಂದೆ.

ಇನ್ನೂ ನಾಲ್ಕು ಮನೆ ಇವೆ.