‘ಕೀಪ್’ ಎಂಬ ಪದ ಮತ್ತು ಅಕ್ಕಲಮ್ಮನ ಕರ್ಪೂರ

...ಅಥವಾ ಆ ಕೇಸು ಚಿಂತಾಮಣಿಯಲ್ಲಿ ನಡೆದದ್ದೇ ಅಲ್ಲವೋ ಏನೋ. ನೆನಪಿನಲ್ಲಿ ಕೋರ್ಟಿನ ಕಿಟಕಿಯಿಂದ ರೇಷ್ಮೆಗೂಡು ಬೇಯಿಸುವ ವಾಸನೆ ಬರುತ್ತದೆ, ಹಾಗಾದರೆ ಅದು ಶಿಡ್ಲಘಟ್ಟ. ಆದರೆ ಕಟಕಟೆಯಲ್ಲಿ ನಿಂತ ಮುದುಕಿಯ ಹಿಂದೆ ಕಾಣುವ ಗೋಡೆ ಚಿಂತಾಮಣಿಯದು. ಎರಡನ್ನೂ ನಾನೇ ಯಾವಾಗಲೋ ಸೇರಿಸಿಕೊಂಡಿರಬೇಕು. ವರ್ಷ 1957, ಇಲ್ಲವೇ 58. ಕನ್ನಡದ ಸೀಮೆಗಳೆಲ್ಲ ಒಂದು ರಾಜ್ಯವಾಗಿ ಹೆಚ್ಚು ಕಾಲವಾಗಿರಲಿಲ್ಲ. ನಾನು ಮುನ್ಸೀಫ್ ಕೋರ್ಟಿನ ಇಂಟರ್‌ಪ್ರಿಟರ್. ಸಾಕ್ಷಿ ಆಡಿದ ಮಾತನ್ನು ಅಲ್ಲೇ ನಿಂತು ಇಂಗ್ಲಿಷಿಗೆ ತಿರುಗಿಸುವ ಕೆಲಸ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂದು ಸುತ್ತುತ್ತಲೇ ನನ್ನ ನೌಕರಿಯ ಬಹುಭಾಗ ಮುಗಿಯಿತು.

ಆಗ ಬಂದಿದ್ದ ಮುನ್ಸೀಫರು ಮಂಗಳೂರು ಕಡೆಯವರು. ಅವರಿಗೆ ತೆಲುಗು ಒಂದಕ್ಷರ ಬಾರದು. ನಮ್ಮ ಕಕ್ಷಿಗಾರರಲ್ಲಿ ಅರ್ಧ ಜನ ತೆಲುಗಿನಲ್ಲಿ ಜಗಳ ಶುರುಮಾಡಿ ಕನ್ನಡದಲ್ಲಿ ಮುಗಿಸುವವರು. ಹಾಗಾಗಿ ನನಗೆ ಬಿಡುವಿರಲಿಲ್ಲ.

ವಾದಿಯ ಹೆಸರು ನಾರೆಪ್ಪ, ಐವತ್ತರ ಆಸುಪಾಸಿನವನು. ಅವನು ಮನೆಯಳಿಯ. ಆ ಗಡಿಸೀಮೆಯ ಒಕ್ಕಲು ಮನೆಗಳಲ್ಲಿ ಒಂದು ಪದ್ಧತಿಯಿತ್ತು. ಗಂಡುಮಕ್ಕಳಿಲ್ಲದವರು ಮಗಳಿಗೆ ಗಂಡನ್ನು ಮನೆಗೇ ತಂದುಕೊಳ್ಳುತ್ತಿದ್ದರು. ಅವನು ಆ ಮನೆಯ ಬೇಸಾಯ ಮಾಡಬೇಕು, ಅವರು ಅವನಿಗೆ ಮಗನ ಪಾಲು ಕೊಡಬೇಕು. ಆದರೆ ಪಾಲು ಕೊಡುತ್ತೇವೆಂದು ಮೊದಲೇ ಮಾತಾಗಿರಬೇಕು. ಮಾತಾಗಿರದಿದ್ದರೆ ಅವನು ಬರೀ ಅಳಿಯ, ಉಂಡು ಹೋಗುವ ನೆಂಟ. ನಾರೆಪ್ಪ ಬಂದ ಎರಡು ಮೂರು ವರ್ಷಕ್ಕೆ ಅತ್ತೆ ಅಕ್ಕಲಮ್ಮನಿಗೇ ಗಂಡುಮಗು ಹುಟ್ಟಿತು, ಚೌಡಪ್ಪ. ಆಮೇಲೆ ನಾರೆಪ್ಪನ ಹೆಂಡತಿ ಮಕ್ಕಳಿಲ್ಲದೆ ಜ್ವರದಲ್ಲಿ ತೀರಿಕೊಂಡಳು. ಮಾವನೂ ಹೋದ. ಚೌಡಪ್ಪ ಬೆಳೆದು ಮದುವೆಯಾದ ಮೇಲೆ ಒಂದು ದಿನ, “ಬಾವ, ಇನ್ನು ನಿಮ್ಮೂರಿಗೆ ಹೊಂಡಿ” ಎಂದ. ನಾರೆಪ್ಪನ ಹುಟ್ಟೂರಲ್ಲಿ ಅವನನ್ನು ಗುರುತಿಸುವವರೂ ಉಳಿದಿರಲಿಲ್ಲ. ಅರ್ಧ ಜಮೀನು, ಅರ್ಧ ಮನೆ ತನ್ನದೆಂದು ದಾವಾ ಹೂಡಿದ.

ಪಾಲು ಕೊಡುತ್ತೇನೆಂದು ಮಾವ ಮಾತು ಕೊಟ್ಟಿದ್ದ ಎಂದು ನಾರೆಪ್ಪನ ವಾದ. ಆಗ ಅಲ್ಲಿದ್ದವರೆಲ್ಲ ಸತ್ತಿದ್ದರು, ಅಕ್ಕಲಮ್ಮ ಒಬ್ಬಳನ್ನು ಬಿಟ್ಟು. ಅವಳು ಮಗನ ಕಡೆಯ ಸಾಕ್ಷಿಯಾಗಿ ಬಂದಳು. ನಾರೆಪ್ಪನನ್ನು ಏನೆಂದು ಕರೆತಂದಿರಿ ಎಂದು ವಕೀಲರು ಕೇಳಿದರೆ, “ಇಂಟ್ಲೋ ಪೆಟ್ಟುಕುನ್ನಾಮು” ಎಂದಳು. ಮನೆಯಲ್ಲಿ ಇಟ್ಟುಕೊಂಡೆವು ಎಂದು.

ನಾನು ‘ಕೆಪ್ಟ್’ ಎಂದೆ.

ಮುನ್ಸೀಫರು ಪೆನ್ನು ಎತ್ತಿದರು. “ಕೆಪ್ಟ್ ಅಂದರೆ ಎಂತ ಮಾರಾಯರೆ? ಹಸುವನ್ನೂ ಕೀಪ್ ಮಾಡ್ತಾರೆ, ಆಳನ್ನೂ ಮಾಡ್ತಾರೆ, ಕೊಟ್ಟ ಮಾತನ್ನೂ ಮಾಡ್ತಾರೆ. ಇವ ಯಾವುದು?”

‘ಮೇಂಟೇನ್ಡ್’ ಎಂದರೆ ನಾರೆಪ್ಪನ ವಕೀಲರು ಎದ್ದರು. ಅದು ಅನ್ನ ಹಾಕಿ ಸಾಕಿದಂತೆ, ದಯೆಯ ಮಾತು. ‘ಟುಕ್ ಇನ್’ ಎಂದರೆ ಚೌಡಪ್ಪನ ವಕೀಲರು ಎದ್ದರು. ಅದು ಮನೆಯವನನ್ನಾಗಿ ಮಾಡಿಕೊಂಡಂತೆ. ‘ರಿಟೇನ್ಡ್’ ಎಂದರೆ ಸಂಬಳದಾಳು. ನನ್ನ ಮೇಜಿನ ಮೇಲಿದ್ದ ನಿಘಂಟಿನಲ್ಲಿ ಕೀಪ್ ಎಂಬ ಪದಕ್ಕೆ ಪುಟದ ಮೇಲಿನಿಂದ ಕೆಳಗಿನವರೆಗೆ ಅರ್ಥಗಳಿದ್ದವು. ಕಾಯುವುದು, ಕಾಪಾಡುವುದು, ಸಾಕುವುದು, ಉಳಿಸಿಕೊಳ್ಳುವುದು, ಪಾಲಿಸುವುದು, ತಡೆದಿಡುವುದು. ಓದುತ್ತ ಹೋದಂತೆ ಎಲ್ಲವೂ ನಾರೆಪ್ಪನಿಗೆ ಒಪ್ಪುತ್ತಿದ್ದವು. ಮುನ್ಸೀಫರು ಕೊನೆಗೆ ಅವಳ ತೆಲುಗು ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು, “ಪದ ಅಲ್ಲಿರಲಿ. ಅವರು ನಡೆದುಕೊಂಡದ್ದು ಹೇಗೆ, ಅದನ್ನು ಕೇಳಿ” ಎಂದರು.

ಅಲ್ಲಿಂದ ಮುಂದೆ ಇನ್ನೂ ಗೋಜಲಾಯಿತು. ಯುಗಾದಿಗೆ ಆಳುಗಳಿಗೆ ಕಂಬಳಿ, ಮೆಟ್ಟು ಕೊಡುವುದು ವಾಡಿಕೆ. ಮನೆಯವರಿಗೆ ಹೊಸ ಬಟ್ಟೆ. ನಾರೆಪ್ಪನಿಗೆ ಏನು ಕೊಡುತ್ತಿದ್ದಿರಿ ಎಂದು ವಕೀಲರು ಕೇಳಿದರು.

“ಎರಡೂ ಕೊಡ್ತಿದ್ವಿ.”

“ಎರಡೂ ಯಾಕಮ್ಮ?”

“ಬಟ್ಟೆ ನಾನು ಕೊಡ್ತಿದ್ದೆ. ಕಂಬಳಿ ನಮ್ಮ ಯಜಮಾನ್ರು ಕೊಡ್ತಿದ್ರು. ಚಳಿ ಆಗಲ್ವಾ ಅವನ್ಗೆ?”

ಕೋರ್ಟಿನಲ್ಲಿ ಯಾರೋ ನಕ್ಕರು. ಮಾವನ ಚಿತೆಗೆ ಬೆಂಕಿ ಇಟ್ಟವರು ಯಾರು ಎಂಬುದಕ್ಕೆ, ಚೌಡಪ್ಪನಿಗೆ ಆಗ ನಾಲ್ಕೋ ಐದೋ ವರ್ಷ, ಕೊಳ್ಳಿ ಅವನ ಕೈಯಲ್ಲಿತ್ತು, ಅವನ ಕೈ ನಾರೆಪ್ಪನ ಕೈಯಲ್ಲಿತ್ತು ಎಂದಳು. ಇಬ್ಬರು ವಕೀಲರೂ ಇದು ನಮ್ಮ ಪರ ಎನ್ನುವಂತೆ ಬರೆದುಕೊಂಡರು.

ಆಗ ನಾರೆಪ್ಪ ಎದ್ದು ನಿಂತ. ತನ್ನ ವಕೀಲರನ್ನೂ ಕೇಳಲಿಲ್ಲ.

“ಸ್ವಾಮಿ, ಇಷ್ಟೆಲ್ಲ ಯಾಕೆ? ನಮ್ಮತ್ತೆ ಗಂಗಮ್ಮನ ಗುಡೀಲಿ ಕರ್ಪೂರ ಆರಿಸಿ, ಮಾತು ಕೊಟ್ಟಿರ್ಲಿಲ್ಲ ಅಂತ ಹೇಳ್ಬಿಡ್ಲಿ. ನಾನು ಕೇಸು ಬಿಟ್ಟು ಹೋಗ್ತೀನಿ.”

ವಕೀಲರು ಅವನ ತೋಳು ಹಿಡಿದು ಕೂರಿಸಲು ನೋಡಿದರು. “ನಿಂಗೇನು ತಲೆ ಕೆಟ್ಟಿದೆಯೇನಯ್ಯ?”

ಆಗಿನ ಕಾನೂನಿನಲ್ಲಿ ಇದಕ್ಕೆ ಅವಕಾಶವಿತ್ತು. ಎದುರಾಳಿಯ ಕಡೆಯವರು ತಮ್ಮ ಪದ್ಧತಿಯಂತೆ ಪ್ರಮಾಣ ಮಾಡಿ ಹೇಳಿದರೆ ಅದಕ್ಕೆ ಬದ್ಧ ಎಂದು ಯಾವ ಕಕ್ಷಿಗಾರನೂ ಒಪ್ಪಬಹುದು. ಒಪ್ಪಿದ ಮೇಲೆ ಬೇರೆ ಪುರಾವೆ ಬೇಕಿಲ್ಲ. ಇನ್ನೊಬ್ಬರ ತಲೆ ಮುಟ್ಟಿ ಆಣೆ ಇಡುವಂತಿಲ್ಲ, ಅಷ್ಟೇ. ಅಕ್ಕಲಮ್ಮನನ್ನು ಕೇಳಿದರು. “ಹೋಗಣ” ಎಂದಳು.

ಪ್ರಮಾಣ ಮಾಡಿಸಲು ಒಬ್ಬ ಕಿರಿಯ ವಕೀಲರನ್ನು ಕಮಿಷನರ್ ಎಂದು ನೇಮಿಸಿದರು. ಅವರ ಜೊತೆಗೆ ನಾನು. ಪ್ರಮಾಣದ ವಾಕ್ಯ ಇಂಗ್ಲಿಷಿನಲ್ಲಿ ತಯಾರಾಗಿತ್ತು: ನಾರೆಪ್ಪನನ್ನು ಮಗನ ಸಮ ‘ಕೀಪ್’ ಮಾಡುತ್ತೇವೆಂದು ನಾವು ಮಾತು ಕೊಟ್ಟಿರಲಿಲ್ಲ. ಅದೇ ಪದ ಮತ್ತೆ. ಬಸ್ಸಿನಲ್ಲಿ ಕೂತು ತೆಲುಗು ಮಾಡಿಕೊಂಡೆ. ಇಟ್ಟುಕೊಳ್ಳುವುದು ಎಂದೆನೋ, ನೋಡಿಕೊಳ್ಳುವುದು ಎಂದೆನೋ, ಈಗ ನೆನಪಿಲ್ಲ. ನೆನಪಿದೆ ಎಂದು ಒಂದೊಂದು ಸಲ ಒಂದೊಂದು ಹೇಳಿದ್ದೇನೆ.

ಗುಡಿ ಹಳ್ಳಿಯಾಚೆ, ರಾಗಿ ಹೊಲಗಳ ನಡುವೆ. ಮಧ್ಯಾಹ್ನ. ಪೂಜಾರಿ ತಟ್ಟೆಯಲ್ಲಿ ಕರ್ಪೂರ ಹಚ್ಚಿದ. ಹೇಳಬೇಕಾದದ್ದನ್ನು ಹೇಳಿ ಅಂಗೈಯಿಂದ ಅದನ್ನು ಆರಿಸಬೇಕು. ಸುಳ್ಳಾದರೆ ಮನೆಯ ದೀಪ ಹಾಗೇ ಆರುತ್ತದೆ ಎಂಬ ನಂಬಿಕೆ. ಅವಳ ಮನೆಯ ದೀಪ ಅಂದರೆ ಚೌಡಪ್ಪ. ಅವನು ಕಂಬಕ್ಕೆ ಒರಗಿ ನಿಂತಿದ್ದ. ನಾರೆಪ್ಪ ಹೊರಗೆ, ಚಪ್ಪಡಿಯ ಮೇಲೆ.

ನಾನು ವಾಕ್ಯ ಹೇಳಿಕೊಟ್ಟೆ. ಅವಳು ಸುಮ್ಮನಿದ್ದಳು. ಮತ್ತೆ ಹೇಳಿದೆ. “ಹೇಳಮ್ಮ” ಎಂದ ಚೌಡಪ್ಪ. ಅವಳು ಮಗನ ಕಡೆ ನೋಡಲಿಲ್ಲ. ತಲೆಬಾಗಿಲಿನಾಚೆ ನೋಡಿದಳು. ಒಂದು ಮಾತೂ ಆಡದೆ ಉರಿಯುವ ಕರ್ಪೂರದ ಮೇಲೆ ಅಂಗೈ ಇಟ್ಟಳು. ಆರಿದ ಮೇಲೂ ತೆಗೆಯಲಿಲ್ಲ.

ಕಮಿಷನರ್ ನನ್ನ ಕಿವಿಯಲ್ಲಿ, “ಏನ್ರೀ ಇದು? ಪ್ರಮಾಣ ಆಯ್ತಾ, ಇಲ್ವಾ?” ಎಂದರು. ನನಗೂ ಗೊತ್ತಾಗಲಿಲ್ಲ. ಕರ್ಪೂರ ಆರಿಸಿದ್ದಾಳೆ, ಆದ್ದರಿಂದ ಆಯಿತು ಎಂದು ಚೌಡಪ್ಪ. ಮಾತೇ ಬಂದಿಲ್ಲ, ಎಲ್ಲಿಯ ಪ್ರಮಾಣ ಎಂದು ಪೂಜಾರಿ. ಗಲಾಟೆ ಏಳುವಷ್ಟರಲ್ಲಿ ನಾರೆಪ್ಪ ಒಳಗೆ ಬಂದ. ಅತ್ತೆಯ ಕೈ ತಿರುಗಿಸಿ ನೋಡಿದ. “ಬೊಬ್ಬೆ ಏಳ್ತದೆ, ಬೆಣ್ಣೆ ಹಚ್ಚು” ಎಂದು ಚೌಡಪ್ಪನಿಗೆ ಹೇಳಿದ. ಆಮೇಲೆ ಕಮಿಷನರಿಗೆ, “ಆಯ್ತು ಬಿಡಿ ಸ್ವಾಮಿ. ಬರ್ಕೊಳ್ಳಿ, ಕೇಸು ಬಿಟ್ಟೆ” ಎಂದ.

ಅವನು ಬಿಟ್ಟದ್ದರಿಂದ ದಾವಾ ವಜಾ ಆಯಿತು. ಕಮಿಷನರ್ ವರದಿಯಲ್ಲಿ ‘ಕೆಪ್ಟ್ ಸೈಲೆಂಟ್’ ಎಂದು ಬರೆದರು. ಅದಕ್ಕಿಂತ ಸರಿಯಾದದ್ದು ನನಗೂ ಹೊಳೆಯಲಿಲ್ಲ. ನಾಲಗೆಯಿಂದ ಬಂದದ್ದನ್ನು ಮಾತ್ರ ನಾನು ಅನುವಾದ ಮಾಡಬಲ್ಲೆ. ಬಾರದೇ ಉಳಿದದ್ದಕ್ಕೆ ನನ್ನ ಕಡೆಯಿಂದ ಪದ ಸೇರಿಸಬಾರದು. ಕೆಲಸ ನನಗೆ ಕಲಿಸಿದ ಪಾಠ ಇದು. ಇದನ್ನು ಅಂದೇ ಕಲಿತೆನೋ, ಆಮೇಲೆ ಆ ದಿನಕ್ಕೆ ಅಂಟಿಸಿದೆನೋ, ಆಣೆ ಇಟ್ಟು ಹೇಳಲಾರೆ.

ಸಂಜೆ ಬಸ್ಸಿಗೆ ಕಾಯುತ್ತ ರಸ್ತೆಯಲ್ಲಿ ನಿಂತಿದ್ದೆವು. ಚೌಡಪ್ಪನ ಎತ್ತಿನಗಾಡಿ ಊರ ಕಡೆ ಹೊರಟಿತ್ತು. ಅಕ್ಕಲಮ್ಮ ಹಿಂದಕ್ಕೆ ಮುಖಮಾಡಿ ಕೂತಿದ್ದಳು. ನಾರೆಪ್ಪ ಅದೇ ದಾರಿಯಲ್ಲಿ, ಸಾಕಷ್ಟು ಹಿಂದೆ, ನಡೆದು ಬರುತ್ತಿದ್ದ. ಹುಣಸೆಮರದ ತಿರುವಿನಲ್ಲಿ ಗಾಡಿ ನಿಂತಿತು. ಅಷ್ಟರಲ್ಲಿ ನಮ್ಮ ಬಸ್ಸು ಬಂತು. ಗಾಡಿ ನಿಲ್ಲಿಸಿದವರು ಯಾರು, ನಾರೆಪ್ಪ ಹತ್ತಿದನೋ ಇಲ್ಲವೋ, ನನಗೆ ಗೊತ್ತಿಲ್ಲ.