ಎಳ್ಳ ಅಮಾವಾಸ್ಯೆಯ ದಿನ ಕೂಗಿಕೊಂಡ ಮನೆ

ಮನೆಗೆ ಕೀಲಿ ಹಾಕಿ ಹೊರಟ ಮೇಲೆ ಒಮ್ಮೆಯಾದರೂ ತಿರುಗಿ ಬಂದು ಅದನ್ನು ಜಗ್ಗಿ ನೋಡದೆ ಮುಂದೆ ಹೋದ ದಿನ ನನ್ನ ಬದುಕಿನಲ್ಲಿ ಇಲ್ಲ. ಬಸವಕಲ್ಯಾಣದಲ್ಲಿ ಮನೆ, ಹುಮನಾಬಾದಿನ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ. ಬೆಳಗಿನ ಬಸ್ಸು ಊರು ದಾಟುವ ಹೊತ್ತಿಗೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಪ್ರಶ್ನೆ ಎದ್ದು ಕೂರುತ್ತದೆ. ಹೆಂಡತಿಗೆ ಫೋನ್ ಹಚ್ಚುತ್ತೇನೆ. ಆಕೆ ಮನೆಯಲ್ಲೇ ಇರುತ್ತಾಳೆ, ಅದೇ ಗ್ಯಾಸಿನ ಮುಂದೆ ನಿಂತಿರುತ್ತಾಳೆ.

"ಆರಿಸಿಲ್ರಿ. ಹತ್ತೇ ಅದ. ಅದರ ಮ್ಯಾಲ ಚಾ ಕುದಿಯಾಕತ್ತದ. ಕುದಿಲಿ ಏನು ಬ್ಯಾಡ?"

ಇಂಥವನಿಗೆ ಎಳ್ಳ ಅಮಾವಾಸ್ಯೆ ಹಬ್ಬವಲ್ಲ, ಶಿಕ್ಷೆ. ನಮ್ಮ ಕಡೆ ಆ ದಿನ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಹೊಲ ಇದ್ದವರು ತಮ್ಮ ಹೊಲಕ್ಕೆ, ಇಲ್ಲದವರು ಕರೆದವರ ಹೊಲಕ್ಕೆ. ಹಸಿ ಕಾಳು, ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಕಡುಬು, ಅಂಬಲಿ ಎಲ್ಲ ಬುಟ್ಟಿ, ಕೊಡಗಳಲ್ಲಿ ಹೊರಡುತ್ತವೆ. ಬೆಳೆಗೆ ಚರಗ ಚೆಲ್ಲಿ, ಭೂಮಿಗೆ ಮೊದಲು ಉಣಿಸಿ, ಆಮೇಲೆ ತಾವು ಉಂಡು, ಬಿಸಿಲು ತಣ್ಣಗಾಗುವ ತನಕ ಅಲ್ಲೇ ಬಿದ್ದುಕೊಂಡು ಬರುತ್ತಾರೆ. ಅಷ್ಟು ಹೊತ್ತು ಓಣಿಗಳಲ್ಲಿ ನಾಯಿಗಳು ಮಾತ್ರ. ಊರು ಖಾಲಿ ಇರುವುದು ಪುಸ್ತಕ ಕಾಯುವ ನನಗೇ ಗೊತ್ತಿರುವಾಗ, ಖಾಲಿ ಮನೆ ಹುಡುಕುವುದೇ ಕಸುಬಾದ ಕಳ್ಳನಿಗೆ ಗೊತ್ತಿರುವುದಿಲ್ಲವೇ ಎಂಬುದು ನನ್ನ ತರ್ಕ.

ಹೀಗಾಗಿ ಮದುವೆಯಾದಾಗಿನಿಂದ ನಾನು ಒಂದು ಎಳ್ಳ ಅಮಾವಾಸ್ಯೆಯಲ್ಲೂ ಪೂರ್ತಿ ಕುಳಿತು ಉಂಡವನಲ್ಲ. ಹೆಂಡತಿಯ ತವರು ಮೋರಖಂಡಿ. ಅವಳ ತಮ್ಮನ ಹೊಲಕ್ಕೆ ಹೋಗುವುದು, ಚರಗ ಮುಗಿಯುವ ತನಕ ಕಾಲು ಬದಲಿಸುತ್ತ ನಿಲ್ಲುವುದು, ಎರಡು ತುತ್ತು ಬಾಯಿಗೆ ಹಾಕಿಕೊಂಡು ಗಾಡಿ ಹತ್ತಿ ಊರಿಗೆ ಓಡುವುದು. ಖಾಲಿ ಮನೆಯಲ್ಲಿ ಒಬ್ಬನೇ ಕುಳಿತು, ಬಾರದ ಕಳ್ಳನನ್ನು ಕಾಯುವುದು. ಹೆಂಡತಿ ಸಂಜೆ ತಮ್ಮನ ಜೊತೆ ಬರುತ್ತಿದ್ದಳು. ಡಬ್ಬಿಯಲ್ಲಿ ತಣ್ಣಗಾದ ಭಜ್ಜಿ ಇರುತ್ತಿತ್ತು.

ಹೋದ ವರ್ಷ ಆಕೆಗೆ ಹುಮನಾಬಾದಿನಲ್ಲಿ ಹೊಟ್ಟೆಯ ಆಪರೇಷನ್ ಆಯಿತು. ಅಂದುಕೊಂಡದ್ದಕ್ಕಿಂತ ಹೆಚ್ಚು ದಿನ ಆಸ್ಪತ್ರೆಯಲ್ಲಿ ಇರಬೇಕಾಯಿತು. ಇಷ್ಟು ವರ್ಷ ಸಣ್ಣದಕ್ಕೆಲ್ಲ ಹೆದರಿದವನು ದೊಡ್ಡದು ಬಂದಾಗ ಹೆದರುವುದಕ್ಕೂ ಬಾರದೆ ಆ ಕಾರಿಡಾರಿನ ಬೆಂಚಿನ ಮೇಲೆ ಕುಳಿತಿದ್ದೆ. ವಿಚಿತ್ರವೆಂದರೆ, ಆ ದಿನಗಳಲ್ಲಿ ಮನೆಯ ಕೀಲಿಯ ಚಿಂತೆ ನನಗೆ ಒಮ್ಮೆಯೂ ಬರಲಿಲ್ಲ. ಬಾಜೂ ಮನೆಯ ಆಯಿ ಇದ್ದಳಲ್ಲ.

ಆಯಿ ಅಂದರೆ ನನ್ನ ಸ್ವಂತ ಅಜ್ಜಿಯಲ್ಲ, ಓಣಿಯೆಲ್ಲ ಆಕೆಯನ್ನು ಹಾಗೆ ಕರೆಯುತ್ತದೆ. ಆಡು ಸಾಕುವ ಮನೆ ಅವರದು. ಮಕ್ಕಳು ಆಡು ಹೊಡೆದುಕೊಂಡು ಹೋಗುತ್ತಾರೆ, ಮರಿಗಳನ್ನು ಆಯಿ ನೋಡಿಕೊಳ್ಳುತ್ತಾಳೆ. ನಾವು ಆಸ್ಪತ್ರೆಯಲ್ಲಿದ್ದಷ್ಟು ದಿನ ಆಕೆ ದಿನಾ ನಮ್ಮ ಮನೆಯ ಕೀಲಿ ತೆಗೆದು, ಬಾಗಿಲು ಅಗಲಕ್ಕೆ ತೆರೆದಿಟ್ಟು, ಒಳಗೆ ಕಸ ಗುಡಿಸಿ, ಮರಿಗಳನ್ನು ನಮ್ಮ ಅಂಗಳಕ್ಕೇ ತಂದುಕೊಂಡು ಸೊಪ್ಪು ಹಾಕುತ್ತ ಕುಳಿತಿರುತ್ತಿದ್ದಳಂತೆ. ಮುಚ್ಚಿದ ಮನೆಗೆ ಕಳ್ಳ ಬರುತ್ತಾನೆ, ತೆರೆದ ಮನೆಗೆ ನೆಂಟರು ಬರುತ್ತಾರೆ ಎಂಬುದು ಆಕೆಯ ಲೆಕ್ಕ. ನಾವು ಮರಳಿದಾಗ ಮನೆ ನಾವು ಬಿಟ್ಟದ್ದಕ್ಕಿಂತ ಚೊಕ್ಕಟವಾಗಿತ್ತು. ಅಂಗಳದಲ್ಲಿ ಆಡಿನ ಹಿಕ್ಕೆ ಇತ್ತು, ಅಷ್ಟೆ.

ಈ ವರ್ಷ ಹೆಂಡತಿ ಪೂರಾ ಗುಣವಾಗಿ ಎದ್ದು ಓಡಾಡತೊಡಗಿದಾಗ, ಏನಾದರೂ ಬೇಕೇನು ಎಂದು ಕೇಳಿದೆ. ಇಳಕಲ್ ಸೀರೆ ಎನ್ನುತ್ತಾಳೆ ಎಂದುಕೊಂಡಿದ್ದೆ.

"ಎಳ್ಳಮಾಸಿಗೆ ಹೊತ್ತು ಮುಳಗತನ ಹೊಲದಾಗ ನನ್ನ ಬಾಜೂ ಕುಂದರ್ರಿ," ಅಂದಳು. "ಒಂದ್ ವರ್ಷ. ಅಷ್ಟೇ ಸಾಕು."

ಹೂಂ ಅಂದೆ. ಅಂದ ಮೇಲೆ ನಿದ್ದೆ ಹಾರಿ ಹೋಯಿತು. ಆಯಿಗೆ ಮತ್ತೆ ಭಾರ ಹಾಕುವುದು ಬೇಡ, ಆಸ್ಪತ್ರೆಯ ದಿನಗಳಲ್ಲಿ ಆಕೆ ಮಾಡಿದ್ದೇ ಬೆಟ್ಟದಷ್ಟಿದೆ ಎನಿಸಿ, ಹುಮನಾಬಾದಿನ ಒಂದು ಅಂಗಡಿಯಲ್ಲಿ ವಿಚಾರಿಸಿ ಮನೆಗೆ ಅಲಾರಾಂ ಕೂಡಿಸಿದೆ.

ಕೂಡಿಸಲು ಬಂದವರು ನನ್ನ ವಯಸ್ಸಿನವರೇ. ಬಾಗಿಲಿಗೆ ಅಯಸ್ಕಾಂತದ ತುಂಡು, ಪಡಸಾಲೆಯ ಮೂಲೆಗೆ ಓಡಾಟ ಹಿಡಿಯುವ ಬಿಳಿ ಡಬ್ಬಿ, ಗೋಡೆಗೆ ನಂಬರ್ ಒತ್ತುವ ಫಲಕ, ಹೊರಗೆ ಸೈರನ್. ನಂಬರ್ ಒತ್ತಿದ ಮೇಲೆ ಅದು ಸ್ವಲ್ಪ ಹೊತ್ತು ಕುಂಯ್ ಕುಂಯ್ ಎನ್ನುತ್ತದೆ, ಅಷ್ಟರಲ್ಲಿ ಹೊರಗೆ ಬಂದು ಬಾಗಿಲು ಹಾಕಬೇಕು. ಮರಳಿ ಬಂದಾಗಲೂ ಅಷ್ಟೇ ಹೊತ್ತಿನಲ್ಲಿ ನಂಬರ್ ಒತ್ತಬೇಕು, ಇಲ್ಲದಿದ್ದರೆ ಕೂಗು. ಕೂಗುತ್ತಲೇ ಅದು ನನಗೆ, ಹೆಂಡತಿಗೆ, ಅವಳ ತಮ್ಮನಿಗೆ ಸರದಿಯಂತೆ ಫೋನ್ ಮಾಡುತ್ತದೆ. ಫೋನಿನಲ್ಲಿ ಏನು ಹೇಳಬೇಕು ಎಂಬುದನ್ನು ನನ್ನ ದನಿಯಲ್ಲೇ ತುಂಬಬೇಕಿತ್ತು. ತುಂಬಿದೆ. ಕೇಳಿ ನೋಡಿದರೆ ದನಿ ನಡುಗಿತ್ತು. ಮತ್ತೆ ತುಂಬಿದೆ, ಮತ್ತಷ್ಟು ನಡುಗಿತು.

"ಇರಲಿ ಸಾಬ್," ಎಂದರು ಅವರು. "ಕಳ್ಳ ಬಂದಾಗ ಯಾರ ದನಿ ನೆಟ್ಟಗಿರತದ? ಟೆನ್ಶನ್ ನಕ್ಕೋ, ಚಿಂತಿ ಬ್ಯಾಡ. ವಾರಕ್ಕೊಮ್ಮೆ ಟೆಸ್ಟ್ ಮಾಡ್ರಿ, ಮಾಡೂಕ್ಕಿಂತ ಮೊದಲ ಬಾಜೂದವರಿಗೆ ಹೇಳ್ರಿ."

ಆಯಿ ಬಂದು ಬಿಳಿ ಡಬ್ಬಿಯನ್ನು ಕೆಳಗಿನಿಂದ ನೋಡಿದಳು.

"ಇದು ಏನ್ ಮಾಡತದೋ ತಮ್ಮಾ?"

"ಮನ್ಯಾಗ ಯಾರರ ಅಡ್ಯಾಡಿದ್ರ ಇದಕ್ಕ ಗೊತ್ತಾಗತದ ಆಯಿ."

"ನನಗೂ ಗೊತ್ತಾಗತದಲ್ಲ. ನನಗೇನು ಕರೆಂಟೂ ಬೇಕಾಗಿಲ್ಲ."

ವಾರಕ್ಕೊಮ್ಮೆ ಎಂದಿದ್ದರು. ನನಗೆ ಅದು ಸಾಲಲಿಲ್ಲ. ಹಬ್ಬ ಹತ್ತಿರ ಬಂದಂತೆ ದಿನಾ ಸಂಜೆ ಓಣಿಯಲ್ಲಿ ಮನೆ ಮನೆಗೂ ಹೋಗಿ "ಈಗ ಒದರತದ್ರಿ, ಹೆದರಬ್ಯಾಡ್ರಿ" ಎಂದು ಹೇಳಿ ಬಂದು ಟೆಸ್ಟ್ ಮಾಡತೊಡಗಿದೆ. ಹೆಂಡತಿಯನ್ನು ಹಿತ್ತಲ ಬಾಗಿಲಿನ ಕಳ್ಳಿಯಾಗಿ ನಿಲ್ಲಿಸಿದೆ. ಆಕೆ ಒಂದು ಕೈಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಲೇ ಕಳ್ಳತನಕ್ಕೆ ಬಂದಳು. ಹಿಡಿಯಿತು. ನೆಲಕ್ಕೆ ಹತ್ತಿ ತೆವಳುತ್ತ ಬರುವ ಕಳ್ಳನನ್ನು ಅದು ಹಿಡಿಯುತ್ತದೋ ಇಲ್ಲವೋ ಎಂಬ ಸಂಶಯ ಉಳಿಯಿತು. ಅದಕ್ಕೆ ನಾನೇ ಕಂಬಳಿ ಹೊದ್ದು ಪಡಸಾಲೆಯಲ್ಲಿ ಹೊಟ್ಟೆಯ ಮೇಲೆ ತೆವಳಿದೆ. ಕಿಟಕಿಯಲ್ಲಿ ಆಯಿಯ ಮುಖ ಕಂಡಿತು.

"ಅಯ್ಯ, ಏನಾತೋ ತಮ್ಮಾ? ಬಿದ್ದೆ ಏನು?"

"ಇಲ್ಲ ಆಯಿ, ಕಳ್ಳ ಆಗೀನಿ."

"ಹಂಗಾದ್ರ ಲಗೂ ಕದ್ದು ಏಳು. ನೆಲ ತಣ್ಣಗದ, ಸೊಂಟ ಹಿಡಿತದ."

ಹೀಗೆ ಮುಂಬಾಗಿಲ ಕಳ್ಳ, ಹಿಂಬಾಗಿಲ ಕಳ್ಳ, ತೆವಳುವ ಕಳ್ಳ, ಕರೆಂಟ್ ಹೋದಾಗ ಬರುವ ಕಳ್ಳ, ಎಲ್ಲರನ್ನೂ ಪರೀಕ್ಷಿಸಿ ಮುಗಿಸಿದೆ.

ಹಬ್ಬದ ಬೆಳಿಗ್ಗೆ ಹೆಂಡತಿ ಹೊಸ ಸೀರೆ ಉಟ್ಟು, ಬುಟ್ಟಿಗಳ ಸಮೇತ ಟಂಟಂನಲ್ಲಿ ಕುಳಿತಿದ್ದಳು. ನಾನು ನಂಬರ್ ಒತ್ತಿ ಹೊರಬಂದು ಕೀಲಿ ಹಾಕಿದೆ. ಒತ್ತಿದ್ದು ಸರಿಯಾಗಿ ಹತ್ತಿದೆಯೋ ಇಲ್ಲವೋ ನೋಡಲು ಮತ್ತೆ ಕೀಲಿ ತೆಗೆದು ಒಳಗೆ ಹೋದೆ. ಹತ್ತಿತ್ತು, ಕುಂಯ್ ಅಂದಿತು. ಆರಿಸಿ, ಮತ್ತೆ ಒತ್ತಿ, ಹೊರಬಂದೆ. ಈಗ ಆರಿಸಿದ ಮೇಲೆ ಒತ್ತಿದ್ದು ಹತ್ತಿದೆಯೋ ಎಂಬುದು ಹೊಸ ಪ್ರಶ್ನೆ. ಟಂಟಂನವನು ಹಾರ್ನ್ ಹೊಡೆದ. ಮೂರನೆಯ ಸಲ ನಾನು ಕೀಲಿಕೈ ಎತ್ತಿದಾಗ ಹೆಂಡತಿ ಇಳಿದು ಬಂದು ಅದನ್ನು ನನ್ನ ಕೈಯಿಂದ ಕಸಿದುಕೊಂಡಳು. ಬಾಜೂ ಮನೆಯ ಕಟ್ಟೆಯ ಮೇಲೆ ಮರಿಗಳ ನಡುವೆ ಆಯಿ ಕುಳಿತಿದ್ದಳು. ಮನೆಯವರೆಲ್ಲ ಯಾರದೋ ಹೊಲಕ್ಕೆ ಹೋಗಿದ್ದರು. "ಮರಿಗೇನು ಗೊತ್ತೋ ಎಳ್ಳಮಾಸಿ, ಅವಕ್ಕ ದಿನಾ ಹಸಿವಿ" ಎಂದು ಆಕೆ ಉಳಿದಿದ್ದಳು.

"ಆಯಿ, ಮನಿ ಕಡಿ ಲಕ್ಷ್ಯ ಇರಲಿ," ಎಂದು ಹೆಂಡತಿ ಕೀಲಿಕೈ ಕೊಟ್ಟಳು.

"ಹೂಂ, ನಡೀರಿ ನಡೀರಿ, ಭಜ್ಜಿ ಆರತದ," ಎಂದು ಆಯಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ನಮ್ಮ ಓಣಿಯಲ್ಲಿ ಊರು ಬಿಡುವವರು ಕೀಲಿಕೈಯನ್ನು ಬಾಜೂ ಮನೆಗೆ ಕೊಡದೆ ಹೋದದ್ದಿಲ್ಲ. ಕೊಟ್ಟವಳಿಗೂ ಏನೂ ಹೊಳೆಯಲಿಲ್ಲ, ಇಸಿದುಕೊಂಡವಳಿಗೂ ಹೊಳೆಯಲಿಲ್ಲ. ನಿಂತು ನೋಡುತ್ತಿದ್ದ ನನಗಂತೂ ಆ ಕೀಲಿಕೈ ಆಯಿಯ ಸೊಂಟ ಸೇರಿದ್ದು ಕಂಡು ಎಷ್ಟೋ ದಿನದ ಮೇಲೆ ಜೀವ ತಂಪಾಯಿತು.

ಮೋರಖಂಡಿಯ ಹೊಲದಲ್ಲಿ ಜೋಳ ಆಳೆತ್ತರ ನಿಂತಿತ್ತು. ಹೆಂಡತಿಯ ತಮ್ಮ ಜೋಳದ ದಂಟಿನ ಕೊಂಪೆ ಕಟ್ಟಿ, ಒಳಗೆ ಕಲ್ಲುಗಳನ್ನಿಟ್ಟು ಪೂಜೆ ಮಾಡಿದ. ಹೊಲದ ಸುತ್ತ ಚರಗ ಚೆಲ್ಲಿ ಬಂದೆವು. ಹೆಂಡತಿ ತೊಗರಿಯ ಸಾಲಿನ ನೆರಳಿಗೆ ಜಮಖಾನ ಹಾಸಿ, ನನ್ನ ತಾಟನ್ನು ತನ್ನ ತಾಟಿನ ಬಾಜೂ ಇಟ್ಟಳು. ಭಜ್ಜಿಯ ಪಾತ್ರೆಯ ಮುಚ್ಚಳ ತೆಗೆದಳು. ಆಗ ಅವಳ ತಮ್ಮನಿಗೆ ಫೋನ್ ಬಂತು. ಎತ್ತಿ ಕಿವಿಗಿಟ್ಟವನು ನನ್ನನ್ನು ನೋಡಿದ, ಫೋನನ್ನು ನೋಡಿದ.

"ಮಾಮಾ, ನೀವು ಇಲ್ಲೇ ಅದೀರಿ?"

"ಇಲ್ಲೇ ಅದೀನಲ್ಲೋ."

"ಮತ್ತ ಇದರಾಗ ಒದರಾಕತ್ತವರು ಯಾರು?"

ಫೋನನ್ನು ಜೋರು ಮಾಡಿದ. ನಡುಗುವ ನನ್ನದೇ ದನಿ ಹೊಲದ ತುಂಬ ಹರಡಿತು: "ನಮ್ಮ ಮನ್ಯಾಗ ಯಾರೋ ಹೊಕ್ಕಾರ. ಲಗೂ ಬರ್ರಿ. ಖರೇನೇ ಹೇಳಾಕತ್ತೀನಿ."

ಮೊದಲ ಕರೆ ನನಗೇ ಬಂದಿತ್ತು, ಎರಡನೆಯದು ಹೆಂಡತಿಗೆ. ನಮ್ಮಿಬ್ಬರ ಫೋನುಗಳೂ ಬುಟ್ಟಿಯಲ್ಲಿ ರೊಟ್ಟಿಯ ಅರಿವೆಯ ಕೆಳಗಿದ್ದವು. ತೆಗೆದು ಆಯಿಗೆ ಹಚ್ಚಿದೆ. ಆಕೆಯ ದನಿಗಿಂತ ಮೊದಲು ಸೈರನ್ ಕೇಳಿತು.

"ಆಯಿ! ಒಳಗ ಹೋಗಬ್ಯಾಡ! ಕಳ್ಳ ಬಂದಾನ!"

"ಯಾವ ಕಳ್ಳನೂ ಇಲ್ಲೋ! ನಾನೇ ಒಳಗ ಅದೀನಿ! ಕೀಲಿ ತಗದು ಬಂದು ಪರದೆ ಸರಸಾಕತ್ತಿದ್ದೆ, ನಿನ್ನ ಮಷೀನು ನನ್ನ ಮ್ಯಾಲೇ ಬೊಗಳಾಕತ್ತದ!"

ಎಲ್ಲ ಬಗೆಯ ಕಳ್ಳರನ್ನೂ ಪರೀಕ್ಷಿಸಿದ್ದೆ. ಕೀಲಿಕೈ ಹಿಡಿದು, ಕೊಟ್ಟ ಮಾತಿನಂತೆ ಮನೆ ಕಾಯಲು ಬರುವವರನ್ನು ಪರೀಕ್ಷಿಸಿರಲಿಲ್ಲ. ನಂಬರ್ ಕೂಗಿ ಹೇಳಿದೆ. ಕೇಳಿಸುವುದಿಲ್ಲವೆಂದು ಆಕೆ ಕೂಗಿದಳು. ಮರಿಗಳೂ ಕೂಗುತ್ತಿದ್ದವು.

"ತಡಿ ಆಯಿ, ನಾ ಬರ್ತೀನಿ," ಎಂದು ಎದ್ದು ನಿಂತೆ.

ಹೆಂಡತಿ ಭಜ್ಜಿಯ ಪಾತ್ರೆಗೆ ಮುಚ್ಚಳ ಹಾಕಿದಳು. ನನ್ನ ತಾಟನ್ನು ಮೆಲ್ಲಗೆ ತನ್ನ ತಾಟಿನ ಕೆಳಗೆ ಸರಿಸಿಕೊಂಡಳು. ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವಾಗಲೂ ನನಗೆ ಧೈರ್ಯ ಹೇಳಿದ್ದ ಮುಖ ಅದು. ಈಗ ನೆಲ ನೋಡುತ್ತಿತ್ತು.

ಫೋನಿನಲ್ಲಿ ಆಯಿ ನನ್ನ ಮಾತು ಕೇಳಿಸಿಕೊಂಡಿದ್ದಳು. ಬೇಡದ್ದು ಮಾತ್ರ ಸೈರನ್ನಿನಲ್ಲೂ ಆಕೆಗೆ ಕೇಳುತ್ತದೆ.

"ಬಂದಿ ಅಂದ್ರ ನೋಡು! ಒಳಗಿಂದ ಚಿಲಕ ಹಾಕ್ಕೊಂಡು ಕುಂದರ್ತೀನಿ, ಹೊರಗೇ ನಿಂದರಬೇಕು ನೀ! ಸತ್ತು ಬದುಕಿದ ಹುಡುಗಿ ಅದು, ಅದನ್ನ ಅಲ್ಲಿ ಬಿಟ್ಟು ಇಲ್ಲಿ ಯಾರನ್ನ ಹಿಡಿಯಾಕ ಬರ್ತಿ? ನನ್ನನ್ನ? ಒದರಿ ಒದರಿ ತಾನೇ ಸುಮ್ಮಾಗತದ. ನಮ್ಮ ಮನ್ಯಾವನೂ ಹಂಗೇ ಇದ್ದ."

ಅಷ್ಟರಲ್ಲಿ ನಿಜವಾಗಿಯೂ ಸೈರನ್ ನಿಂತಿತು. ಬಾಗಿಲು ತೆರೆದು ಹೊಸ್ತಿಲ ಕಡೆ ಬರುವ ಆಯಿಯ ಉಸಿರು ಕೇಳಿತು.

"ನಂಬರ್ ಹೇಳತೀನಿ, ಒತ್ತಿ ಬಿಡು ಆಯಿ. ಇಲ್ಲಂದ್ರ ಮತ್ತ ಒದರತದ."

"ಬ್ಯಾಡ, ನನಗ ಹೇಳಬ್ಯಾಡ. ಆಮ್ಯಾಲ ಅದಕ್ಕೊಂದು ಚಿಂತಿ ಮಾಡತಿ. ನಾ ಹೊಸ್ತಿಲದಾಗ ಕುಂತೀನಿ, ಒಳಗ ಹೋಗಂಗಿಲ್ಲ. ಮರಿ ಮುಂದ ಅದಾವ. ನೀ ಉಣ್ಣು. ನನಗೊಂದು ಡಬ್ಬಿ ಕಟಗೊಂಡು ಬಾ, ಕಡುಬು ಜಾಸ್ತಿ ಹಾಕು."

ಫೋನ್ ಇಟ್ಟಳು.

ನಾನು ನಿಂತೇ ಇದ್ದೆ. ಅಲಾರಾಂ ಹಚ್ಚಿ ಆಯಿಗೆ ಬಿಡುವು ಕೊಟ್ಟೆ ಎಂದುಕೊಂಡಿದ್ದೆ. ಯಾರೂ ಕೇಳದ ಬಿಡುವು. ಹೋದ ವರ್ಷ ಅಷ್ಟೂ ದಿನ ಆಕೆ ಕುಳಿತದ್ದು ಅದೇ ಹೊಸ್ತಿಲಲ್ಲಿ. ಆಗ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಒಂದು ಸಲವೂ ಮನೆಯ ಬಗ್ಗೆ ಯೋಚಿಸದೆ, ಯೋಚಿಸಬೇಕಾದ ಒಬ್ಬಳ ಬಗ್ಗೆ ಮಾತ್ರ ಯೋಚಿಸಿದ್ದೆ. ಆ ಬಿಡುವನ್ನು ನನಗೆ ಕೊಟ್ಟವಳು ಆಯಿ. ಇವತ್ತೂ ಕೊಡುತ್ತಿದ್ದಳು. ನಾನೇ ಎದ್ದು ನಿಂತಿದ್ದೆ.

ಚಪ್ಪಲಿ ಬಿಟ್ಟು ಜಮಖಾನದ ಮೇಲೆ ಕುಳಿತೆ. ಹೆಂಡತಿಯ ತಾಟಿನ ಕೆಳಗಿನಿಂದ ನನ್ನ ತಾಟು ಎಳೆದುಕೊಂಡೆ. ಆಕೆ ಪಾತ್ರೆಯ ಮುಚ್ಚಳ ತೆಗೆದು ಭಜ್ಜಿ ಬಡಿಸಿದಳು. ಬಿಸಿ ಇತ್ತು. ಇಷ್ಟು ವರ್ಷ ಆರಿದ್ದನ್ನೇ ತಿಂದವನಿಗೆ ಅದರಲ್ಲಿ ಹಸಿ ಕಡಲೆಯ ರುಚಿ ಇರುವುದು ಅವತ್ತೇ ಗೊತ್ತಾಯಿತು. ಎರಡನೆಯ ಸಲ ಹಾಕಿಸಿಕೊಂಡೆ. ಅಂಬಲಿ ಕುಡಿದೆ. ಮಾಮಾ ಇವತ್ತು ಖರೇನೇ ಕುಂತಾರ ಎಂದು ಅವಳ ತಮ್ಮ ನನ್ನ ರೆಕಾರ್ಡಿನ ದನಿಯಲ್ಲೇ ಅಣಕಿಸಿದ. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೊಲಿಗೆ ಹಾಕಿದ್ದ ಆ ಹೊಟ್ಟೆಯನ್ನು ಹಿಡಿದು ನಗುವುದನ್ನು ನೋಡುತ್ತ, ಡಾಕ್ಟರಿಗೆ, ಆಯಿಗೆ, ಊರ ದೇವರಿಗೆ, ಒಬ್ಬೊಬ್ಬರಿಗೂ ಮನಸ್ಸಿನಲ್ಲೇ ಕೈ ಮುಗಿದೆ. ನಡುವೆ ಸೈರನ್ ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾಯಿತು, ಹೋಯಿತು.

ಊಟದ ಮೇಲೆ ಎಲ್ಲರೂ ನೆರಳಲ್ಲಿ ಒರಗಿದರು. ಹೊಲದ ಮಧ್ಯಾಹ್ನ ಹೇಗಿರುತ್ತದೆ ಎಂದು ನಾನು ನೋಡಿರಲೇ ಇಲ್ಲ. ಗಿಳಿಗಳು ತೆನೆಯ ಮೇಲೆ ಇಳಿದು ಏಳುತ್ತಿದ್ದವು. ಅವನ್ನು ಓಡಿಸುವುದಕ್ಕೆ ಯಾರಿಗೂ ಅವಸರವಿರಲಿಲ್ಲ. ಬಿಸಿಲು ಕೆಂಪಾಗಿ, ಜೋಳದ ನೆರಳು ಉದ್ದವಾಗಿ ನಮ್ಮ ಕಾಲ ಮೇಲೆ ಬಂತು. ಹೆಂಡತಿ ತಾಟುಗಳನ್ನು ಬುಟ್ಟಿಗೆ ತುಂಬಿ, ಆಯಿಯ ಡಬ್ಬಿಯನ್ನು ಬೇರೆ ಅರಿವೆಯಲ್ಲಿ ಕಟ್ಟಿದಳು.

"ಹೋಗೂಣೇನ್ರಿ?" ಅಂದಳು.

"ಇನ್ನೊಂಚೂರು ಕುಂದರೂಣು," ಅಂದೆ.

ಆಕೆ ಕಟ್ಟುತ್ತಿದ್ದ ಗಂಟು ಬಿಟ್ಟು, ನನ್ನ ಹತ್ತಿರ ಸರಿದು, ಹಣೆಗೆ ಅಂಗೈ ಹಚ್ಚಿ ನೋಡಿದಳು.

"ಆರಾಮ ಅದೀರಿಲ್ಲೋ?"